ಸಮೀಕ್ಷೆ ಎಂಬ ಅಳತೆಗೋಲು

ಉಷ್ಣಮಾಪಕದ ಸೊನ್ನೆಯ ಗುರುತು ಎರಡು ಡಿಗ್ರಿಯಷ್ಟು ಸರಿದಿದ್ದರೆ, ನೂರು ಸಲ ಅಳೆದು ಸರಾಸರಿ ತೆಗೆದರೂ ಆ ತಪ್ಪು ಹೋಗುವುದಿಲ್ಲ. ಯಾದೃಚ್ಛಿಕ ದೋಷವು ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಕ್ರಮಬದ್ಧ ದೋಷವು ಇದ್ದಷ್ಟೇ ಉಳಿಯುತ್ತದೆ. ಪ್ರಯೋಗಾಲಯದ ಈ ಪಾಠ ಜನಾಭಿಪ್ರಾಯದ ಸಮೀಕ್ಷೆಗೂ ಅನ್ವಯಿಸುತ್ತದೆ. ಅದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟದ್ದು ಒಂದು ದೊಡ್ಡ ಸೋಲು.

1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ವಾರಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ ರೂಸ್‌ವೆಲ್ಟ್ ಪಡೆದದ್ದು ಶೇಕಡಾ 41ರಷ್ಟು. ಎದುರಾಳಿ ಲ್ಯಾಂಡನ್ ಬಹಳ ಮುಂದಿದ್ದರು. ಆದರೆ ನಿಜವಾದ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸುಮಾರು ಶೇಕಡಾ 61ರಷ್ಟು ಮತ ಪಡೆದು 48 ರಾಜ್ಯಗಳಲ್ಲಿ 46ನ್ನು ಗೆದ್ದರು. 23 ಲಕ್ಷ ಉತ್ತರಗಳಿಗೆ ಯಾದೃಚ್ಛಿಕ ದೋಷವನ್ನು ಲೆಕ್ಕ ಹಾಕಿ ನೋಡಿ: ಶೇಕಡಾ 0.03 ಮಾತ್ರ! ಹಾಗಿದ್ದರೆ ಉಳಿದ ತಪ್ಪು ಎಲ್ಲಿಂದ ಬಂತು?

ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ಮುಖ್ಯವಾಗಿ ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬಡವರು ಅವುಗಳಲ್ಲಿ ಹೇಗೆ ಸಿಕ್ಕಾರು? ಬಹುಕಾಲ ಹೆಚ್ಚಿನವರು ಹೇಳುತ್ತಿದ್ದ ಕಾರಣ ಇದು. ಆದರೆ 1988ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇನ್ನೊಂದು ಕಾರಣವನ್ನೂ ತೋರಿಸಿತು. ಮತಪತ್ರ ತಲುಪಿದ ಎಲ್ಲರೂ ಉತ್ತರಿಸಿದ್ದರೆ, ಆ ದೋಷಪೂರಿತ ಪಟ್ಟಿಯಿಂದಲೂ ರೂಸ್‌ವೆಲ್ಟ್ ಗೆಲ್ಲುವರೆಂಬ ಸೂಚನೆ ಸಿಗುತ್ತಿತ್ತು. ಉತ್ತರಿಸದೆ ಉಳಿದವರ ಒಲವು ಉತ್ತರಿಸಿದವರಿಗಿಂತ ಭಿನ್ನವಾಗಿತ್ತು.

ಪರಿಹಾರವೇನು? ಅಮೆರಿಕದ ಜನಗಣತಿ ಸಂಸ್ಥೆಯ ಹ್ಯಾನ್ಸನ್ ಮತ್ತು ಹರ್ವಿಟ್ಸ್ 1946ರಲ್ಲಿ ಸರಳ ಮಾರ್ಗ ಸೂಚಿಸಿದರು. ಮೊದಲು ಎಲ್ಲರಿಗೂ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿ. ಉತ್ತರಿಸದವರಲ್ಲಿ ಕೆಲವರನ್ನು ಯಾದೃಚ್ಛಿಕವಾಗಿ ಆರಿಸಿ, ಅವರನ್ನು ಖುದ್ದಾಗಿ ಭೇಟಿಮಾಡಿ. ಆ ಕೆಲವರು ಉತ್ತರಿಸದ ಇಡೀ ಗುಂಪನ್ನು ಪ್ರತಿನಿಧಿಸುತ್ತಾರೆ.

ಭಾರತದಲ್ಲಿ ಈ ಚಿಂತನೆಗೆ ಬಲ ತಂದವರು ಪ್ರಶಾಂತಚಂದ್ರ ಮಹಲನೋಬಿಸ್. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಗಳಲ್ಲಿ ತೊಡಗಿದ್ದ ಅವರನ್ನು ಕಾಡಿದ್ದು ಮಾಹಿತಿ ಸಂಗ್ರಹಿಸುವವರ ತಪ್ಪುಗಳು. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆರಿಸಿ ಬೇರೆ ಬೇರೆ ತಂಡಗಳಿಗೆ ಒಪ್ಪಿಸುವುದು ಅವರ ಉಪಾಯ. ಎರಡೂ ಫಲಿತಾಂಶಗಳು ಹತ್ತಿರವಿದ್ದರೆ ಭರವಸೆ, ದೂರವಿದ್ದರೆ ಎಚ್ಚರಿಕೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರ ಚಿಂತನೆಯೇ ಇತ್ತು.

ನಿರ್ವಹಣಾಶಾಸ್ತ್ರದ ಸಂಶೋಧಕರಿಗೆ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ. ಮೇಲಧಿಕಾರಿ ಹೇಗಿದ್ದಾರೆ, ನಿಮಗೆ ಕೆಲಸದಲ್ಲಿ ತೃಪ್ತಿ ಇದೆಯೇ ಎಂಬ ಎರಡೂ ಪ್ರಶ್ನೆಗಳಿಗೆ ನೌಕರನೊಬ್ಬ ಒಂದೇ ಹಾಳೆಯಲ್ಲಿ ಉತ್ತರಿಸುತ್ತಾನೆ. ಅಂದು ಅವನ ಮನಸ್ಸು ಕೆಟ್ಟಿದ್ದರೆ ಎರಡಕ್ಕೂ ಕಡಿಮೆ ಅಂಕ! ಆಗ ಕಾಣುವ ಸಂಬಂಧ ನಿಜವೋ, ಮಾಪನದ ವಿಧಾನದಿಂದಲೇ ಹುಟ್ಟಿದ್ದೋ? 1959ರಲ್ಲಿ ಮನೋವಿಜ್ಞಾನಿಗಳಾದ ಕ್ಯಾಂಪ್‌ಬೆಲ್ ಮತ್ತು ಫಿಸ್ಕ್, ಒಂದೇ ಗುಣವನ್ನು ಭಿನ್ನ ವಿಧಾನಗಳಿಂದ ಅಳೆದು ಹೋಲಿಸಬೇಕೆಂದರು. ನೌಕರನ ಉತ್ತರದ ಜೊತೆ ಹಾಜರಿ ದಾಖಲೆಯನ್ನೂ ನೋಡುವುದು, ಎರಡು ಪ್ರಶ್ನೆಗಳನ್ನು ಬೇರೆ ಬೇರೆ ದಿನ ಕೇಳುವುದು ಇದೇ ದಾರಿಯ ಕ್ರಮಗಳು. ಹೆಸರು ಗುಟ್ಟಾಗಿರುತ್ತದೆಂಬ ನಂಬಿಕೆ ಮೂಡಿಸಿದರೆ ಭಯದಿಂದ ಬರುವ ಸುಳ್ಳು ಉತ್ತರಗಳೂ ತಗ್ಗುತ್ತವೆ. ಇಂಥ ಸಮೀಕ್ಷೆಯನ್ನು ನಂಬಿ ಕಚೇರಿಯ ನಿಯಮ ಬದಲಾದರೆ, ಅದರ ಫಲ ಉಣ್ಣುವವರು ಉತ್ತರಿಸದೆ ಉಳಿದವರೂ ಹೌದು.

ಇಂದು ಅಂತರಜಾಲದ ಮೂಲಕ ಪ್ರಶ್ನಾವಳಿ ಹಂಚಲು ಅಂಚೆಚೀಟಿಯ ಖರ್ಚೂ ಇಲ್ಲ. ಉತ್ತರಗಳು ಬೇಗ ರಾಶಿ ಬೀಳುತ್ತವೆ. ಸಮೀಕ್ಷಾ ಯೋಜನೆಗಳಿಗೆ ಮಾರ್ಗದರ್ಶನ ನೀಡುವ ಶಿಕ್ಷಕರು ವಿದ್ಯಾರ್ಥಿಗಳನ್ನು ಮೂರು ಪ್ರಶ್ನೆ ಕೇಳಲಿ: ಪಟ್ಟಿಯಲ್ಲಿ ಯಾರು ಬಿಟ್ಟುಹೋದರು? ಎಷ್ಟು ಜನರನ್ನು ಕೇಳಿ ಎಷ್ಟು ಉತ್ತರ ಪಡೆದಿರಿ? ಉತ್ತರಿಸದವರಲ್ಲಿ ಹತ್ತು ಮಂದಿಯನ್ನಾದರೂ ಹುಡುಕಿಕೊಂಡು ಹೋಗಿ ಮಾತನಾಡಿಸಿದಿರಾ?