ಹೆಸರು ಬಿಟ್ಟುಕೊಡದ ಹುಳಿಸಾರು

ಫಿಲಿಪ್ಪೀನ್ಸ್ ದೇಶಕ್ಕೆ ಆ ಹೆಸರು ಬಂದದ್ದು ಸ್ಪೇನಿನ ದೊರೆ ಎರಡನೇ ಫಿಲಿಪ್‌ನಿಂದ. 1849ರಲ್ಲಿ ಗವರ್ನರ್ ಕ್ಲಾವೆರಿಯಾ ಹೊರಡಿಸಿದ ಆಜ್ಞೆಯಿಂದಾಗಿ ಅಲ್ಲಿನ ಅನೇಕ ಮನೆತನಗಳಿಗೆ ಸ್ಪ್ಯಾನಿಷ್ ಹೆಸರುಗಳು ಅಂಟಿಕೊಂಡವು. ಅಡುಗೆಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಸ್ಥಳೀಯರು ವಿನೆಗರ್‌ನಲ್ಲಿ ಬೇಯಿಸುತ್ತಿದ್ದ ಮಾಂಸವನ್ನು ಸ್ಪೇನಿನವರು ತಮ್ಮ ಭಾಷೆಯ ‘ಅಡೋಬೊ’ ಎಂಬ ಪದದಿಂದ ಕರೆದರು. ಫ್ರಾನ್ಸಿಸ್ಕನ್ ಪಾದ್ರಿ ಸಾನ್ ಬ್ಯುಯೆನವೆಂಚುರಾ 1613ರಲ್ಲಿ ಪ್ರಕಟಿಸಿದ ತಗಾಲೊಗ್ ನಿಘಂಟಿನಲ್ಲಿಯೇ ಈ ಹೆಸರು ಸಿಗುತ್ತದೆ.

ಆದರೆ ಹುಳಿಸಾರು ಮಾತ್ರ ತನ್ನ ಹೆಸರು ಬಿಟ್ಟುಕೊಡಲಿಲ್ಲ. ಅದು ‘ಸಿನಿಗಾಂಗ್’. ತಗಾಲೊಗ್ ಭಾಷೆಯಲ್ಲಿ ‘ಸಿಗಾಂಗ್’ ಎಂದರೆ ನೀರಿನಲ್ಲಿ ಬೇಯಿಸುವುದು. ಪದದ ನಡುವೆ ‘ಇನ್’ ಪ್ರತ್ಯಯ ಸೇರಿದರೆ ಬೇಯಿಸಿದ್ದು ಎಂದರ್ಥ. 1565ರಿಂದ 1898ರವರೆಗಿನ ಸ್ಪ್ಯಾನಿಷ್ ಆಳ್ವಿಕೆ, ನಂತರ 1946ರವರೆಗಿನ ಅಮೆರಿಕದ ಹಿಡಿತ ಎರಡನ್ನೂ ದಾಟಿ ಈ ಹೆಸರು ಉಳಿದಿದೆ.

ಮಾಡುವ ಬಗೆ

ಮೀನು, ಸಿಗಡಿಯ ಸಿನಿಗಾಂಗ್ ಬೇಗ ಆಗುತ್ತದೆ. ಮಾಂಸದ್ದಕ್ಕೆ ತಾಳ್ಮೆ ಬೇಕು. ಹಂದಿಯ ಪಕ್ಕೆಲುಬಿನ ತುಂಡುಗಳನ್ನು ಈರುಳ್ಳಿ, ಟೊಮೆಟೊ ಜೊತೆ ಅಕ್ಕಚ್ಚಿನಲ್ಲಿ, ಅಂದರೆ ಅಕ್ಕಿ ತೊಳೆದ ನೀರಿನಲ್ಲಿ, ಒಲೆಯ ಮೇಲಿಡುತ್ತಾರೆ. ಮೇಲೆ ಬಂದ ನೊರೆ ತೆಗೆದು, ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಯಿಸುತ್ತಾರೆ. ಕೆಸವಿನ ಗೆಡ್ಡೆ ಹಾಕಿದರೆ ಅದು ಕರಗಿ ಸಾರು ಗಟ್ಟಿಯಾಗುತ್ತದೆ. ಎಳೆಯ ಹಸಿರು ಹುಣಸೆಕಾಯಿಯನ್ನು ಬೇರೆಯಾಗಿ ಬೇಯಿಸಿ, ಕಿವುಚಿ, ಸೋಸಿ ಸೇರಿಸುತ್ತಾರೆ. ಆಮೇಲೆ ಮೂಲಂಗಿ, ಅಲಸಂದೆಕಾಯಿ, ಬೆಂಡೆ, ಉದ್ದನೆಯ ಹಸಿಮೆಣಸು. ನೀರಿನಲ್ಲಿ ಬೆಳೆಯುವ ಕಾಂಗ್‌ಕಾಂಗ್ ಸೊಪ್ಪು ಕೊನೆಗೆ. ಉಪ್ಪಿನ ಬದಲು ಸಾಮಾನ್ಯವಾಗಿ ‘ಪಾತಿಸ್’ ಎಂಬ ಮೀನಿನ ರಸ. ಒಗ್ಗರಣೆಯ ಮಾತೇ ಇಲ್ಲ. ಬಿಸಿ ಅನ್ನದ ಜೊತೆ ಊಟ.

ಹುಳಿ ಹುಣಸೆಯದೇ ಆಗಬೇಕೆಂದಿಲ್ಲ. ಮಾವಿನಕಾಯಿ, ಬಿಂಬುಳಿ, ಹಣ್ಣಾದ ಸೀಬೆ, ಯಾವುದೂ ನಡೆಯುತ್ತದೆ. ಮಧ್ಯದ ವಿಸಾಯಾ ದ್ವೀಪಗಳಲ್ಲಿ ಬಳಸುವ ‘ಬಟುವಾನ್’ ನಮ್ಮ ಕರಾವಳಿಯ ಪುನರ್ಪುಳಿಯ ಹತ್ತಿರದ ಬಂಧು. ಇವುಗಳಲ್ಲೂ ಎಲ್ಲವೂ ನೆಲದ್ದಲ್ಲ. ಹುಣಸೆಯ ಮೂಲ ಆಫ್ರಿಕಾ. ಅದು ಭಾರತದಲ್ಲಿ ಬೇರೂರಿದ್ದರಿಂದ ಅರಬರು ಅದನ್ನು ‘ತಮರ್ ಹಿಂದಿ’, ಭಾರತದ ಖರ್ಜೂರ, ಎಂದರು. ಸೀಬೆ, ಟೊಮೆಟೊ ಎರಡೂ ಅಮೆರಿಕ ಖಂಡದವು. 1565ರಿಂದ 1815ರವರೆಗೆ ಮೆಕ್ಸಿಕೊ ಮತ್ತು ಮನಿಲಾ ನಡುವೆ ಓಡಾಡಿದ ಸ್ಪ್ಯಾನಿಷ್ ಹಡಗುಗಳು ಆ ಕಡೆಯ ಬೆಳೆಗಳನ್ನು ಇಲ್ಲಿಗೆ ದಾಟಿಸಿದವು. ಹೊರಗಿನಿಂದ ಬಂದದ್ದನ್ನೆಲ್ಲ ಪಾತ್ರೆಗೆ ಹಾಕಿಕೊಂಡೂ ಸಿನಿಗಾಂಗ್ ಸಿನಿಗಾಂಗ್ ಆಗಿಯೇ ಉಳಿಯಿತು. ಅದನ್ನು ಗುರುತಿಸುವುದು ಸಾಮಗ್ರಿಯಿಂದಲ್ಲ, ಹುಳಿಯಿಂದ.

ಇದನ್ನು ಗಟ್ಟಿಯಾಗಿ ಹೇಳಿದವರು ಆಹಾರ ಚರಿತ್ರೆಯ ಲೇಖಕಿ ಡೊರೀನ್ ಫರ್ನಾಂಡೆಜ್ (1934–2002). ಎಡಿಲ್ಬರ್ಟೊ ಅಲೆಗ್ರೆ ಅವರೊಡನೆ 1988ರಲ್ಲಿ ಹೊರತಂದ ‘ಸರಾಪ್’ ಕೃತಿಯಲ್ಲಿ, ನಾಡಿನ ರುಚಿಯನ್ನು ಪ್ರತಿನಿಧಿಸುವುದು ಅಡೋಬೊಗಿಂತ ಹೆಚ್ಚಾಗಿ ಸಿನಿಗಾಂಗ್ ಎಂದು ಅವರು ವಾದಿಸಿದರು. ಬಡವನ ಮನೆಗೂ ಶ್ರೀಮಂತನ ಮನೆಗೂ ಹೊಂದುವ, ಸೆಕೆಯ ನಾಡಿನಲ್ಲಿ ಬಾಯಿಗೆ ಹಿತವಾಗುವ, ಅನ್ನಕ್ಕೆ ಜೊತೆಯಾಗುವ ಸಾರು ಅದು.

ಪೊಟ್ಟಣದ ಹುಳಿ

ಇಂದು ಈ ಹುಳಿ ಪುಡಿಯಾಗಿ ಪೊಟ್ಟಣದಲ್ಲಿಯೂ ಸಿಗುತ್ತದೆ. 1974ರ ಕಾರ್ಮಿಕ ಸಂಹಿತೆ ಹೊರದೇಶದ ಉದ್ಯೋಗಕ್ಕೆ ಸರ್ಕಾರಿ ವ್ಯವಸ್ಥೆ ಕಲ್ಪಿಸಿದ ಮೇಲೆ ಲಕ್ಷಾಂತರ ಮಂದಿ ದಾದಿಯರಾಗಿ, ನಾವಿಕರಾಗಿ, ಮನೆಗೆಲಸದವರಾಗಿ ದೂರ ಹೋದರು. ಎಳೆ ಹುಣಸೆ ಸಿಗದ ಊರಿನಲ್ಲಿ ಅವರಿಗೆ ಆ ಪೊಟ್ಟಣವೇ ತವರು. ಆದರೆ ತವರಿನ ಅಡುಗೆಮನೆಯೂ ಅದನ್ನೇ ನೆಚ್ಚಿಕೊಂಡರೆ, ಹಿತ್ತಲಿನ ಬಿಂಬುಳಿ, ಸೀಬೆ, ಬಟುವಾನ್‌ಗಳನ್ನು ಕೇಳುವವರಿರುವುದಿಲ್ಲ. ಮೂರು ಶತಮಾನಗಳ ಆಳ್ವಿಕೆಗೆ ಬಗ್ಗದ ಹೆಸರು ಮುಂದೆಯೂ ಉಳಿದೀತು. ಊರಿಗೊಂದು ಹುಳಿ ಉಳಿಯಬೇಕಾದರೆ ಆ ಹಿತ್ತಲಿನ ಮರಗಳೂ ಉಳಿಯಬೇಕು.