ಬಿಡುಗಡೆ ಆದೇಶ ಯಾರ ಕೈಯಲ್ಲಿ?: ಅಖಿಲ ಭಾರತ ಸೇವೆಗಳ ಮೇಲಿನ ಜೋಡಿ ಹಿಡಿತದ ಚರಿತ್ರೆ

ಭಾರತೀಯ ಆಡಳಿತ ಸೇವೆಗೆ ನೇಮಕ ಮಾಡುವುದು ಕೇಂದ್ರ. ರಾಜ್ಯ ವೃಂದದಲ್ಲಿರುವಷ್ಟು ಕಾಲ ಅಧಿಕಾರಿಗೆ ಹುದ್ದೆ ತೋರಿಸುವುದು, ಸಂಬಳ ಕೊಡುವುದು, ವರ್ಗ ಮಾಡುವುದು ರಾಜ್ಯ. ರಾಜ್ಯ ಅಮಾನತು ಮಾಡಬಹುದು. ವಜಾ ಮಾಡುವ ಅಧಿಕಾರ ಕೇಂದ್ರಕ್ಕೆ ಮಾತ್ರ. ಈ ಜೋಡಿ ಹಿಡಿತದ ಚರ್ಚೆ ಹೆಚ್ಚಾಗಿ ನೇಮಕ ಮತ್ತು ಶಿಸ್ತುಕ್ರಮದ ಸುತ್ತಲೇ ಸುಳಿಯುತ್ತದೆ. ಆದರೆ ಎರಡು ಸರ್ಕಾರಗಳ ದೊಡ್ಡ ಜಗ್ಗಾಟಗಳು ನಡೆದದ್ದು ಕಚೇರಿಯ ಒಂದು ಸಾಧಾರಣ ಕಾಗದದ ಮೇಲೆ: ಕೇಂದ್ರದ ಕೆಲಸಕ್ಕೆ ಹೋಗಲು ಅಧಿಕಾರಿಯನ್ನು ರಾಜ್ಯದ ಕರ್ತವ್ಯದಿಂದ ಬಿಡುಗಡೆ ಮಾಡುವ ಆದೇಶದ ಮೇಲೆ.

ಈ ಏರ್ಪಾಟು ಹುಟ್ಟಿದ್ದೇ ಒಪ್ಪಿಗೆಯಿಂದ. 1946ರ ಅಕ್ಟೋಬರಿನಲ್ಲಿ ಪ್ರಾಂತೀಯ ಪ್ರಧಾನಿಗಳ ಸಮ್ಮೇಳನ ಹೊಸ ಆಡಳಿತ ಮತ್ತು ಪೊಲೀಸ್ ಸೇವೆಗಳಿಗೆ ಸಮ್ಮತಿಸಿತು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು, ಅಂಜದೆ ಅಭಿಪ್ರಾಯ ಹೇಳಬಲ್ಲ ಸೇವೆಯಿಲ್ಲದೆ ಒಕ್ಕೂಟ ಉಳಿಯದೆಂದು ವಾದಿಸಿದರು. ಹೊಸ ಅಖಿಲ ಭಾರತ ಸೇವೆಗೆ ರಾಜ್ಯಸಭೆಯ ಮೂರನೇ ಎರಡರಷ್ಟು ಬಹುಮತದ ನಿರ್ಣಯ ಬೇಕೆಂದು 312ನೇ ವಿಧಿ ಹೇಳಿದ್ದು ಅದೇ ಒಪ್ಪಿಗೆಯ ಮನೋಧರ್ಮದಿಂದ. 1954ರ ವೃಂದ ನಿಯಮಗಳ 6ನೇ ನಿಯಮವೂ ಅಧಿಕಾರಿಯನ್ನು ಕೇಂದ್ರಕ್ಕೆ ನಿಯೋಜಿಸಲು ಎರಡೂ ಸರ್ಕಾರಗಳ ಸಹಮತಿ ಬೇಕೆಂದಿತು.

1967ರ ಚುನಾವಣೆಯ ನಂತರ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸೇತರ ಸರ್ಕಾರಗಳು ಬಂದವು. 1969ರಲ್ಲಿ ಆ ನಿಯಮಕ್ಕೊಂದು ಪರಂತುಕ ಸೇರಿತು: ಭಿನ್ನಾಭಿಪ್ರಾಯ ಬಂದರೆ ಕೇಂದ್ರ ತೀರ್ಮಾನಿಸುತ್ತದೆ, ರಾಜ್ಯ ಅದನ್ನು ಜಾರಿಗೊಳಿಸಬೇಕು. ಎರಡಕ್ಕೂ ಕಾರ್ಯಕಾರಣ ಸಂಬಂಧ ಕಟ್ಟುವುದು ದುಡುಕಾದೀತು. ಆದರೆ ಸಹಮತಿ ಎಂಬ ಮಾತಿನ ತೂಕ ಅಲ್ಲಿ ಇಳಿದದ್ದು ನಿಜ. ಆದರೂ ‘ಜಾರಿಗೊಳಿಸಬೇಕು’ ಎಂಬಲ್ಲಿ ಒಂದು ಸಂದು ಉಳಿಯಿತು: ಜಾರಿಗೊಳಿಸುವ ಕೈ ರಾಜ್ಯದ್ದೇ. 2001ರಲ್ಲಿ ಮಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಬಂಧನದ ಬಳಿಕ ಕೇಂದ್ರ ಮೂವರು ಪೊಲೀಸ್ ಅಧಿಕಾರಿಗಳನ್ನು ಕೇಳಿದಾಗ ತಮಿಳುನಾಡು ನಿರಾಕರಿಸಿತು. 2020ರ ಡಿಸೆಂಬರಿನಲ್ಲಿ ಮತ್ತೆ ಮೂವರನ್ನು ಕರೆದಾಗ ಪಶ್ಚಿಮ ಬಂಗಾಳವೂ ಬಿಡಲಿಲ್ಲ. ತೀರ್ಪು ದೆಹಲಿಯದು, ಸಹಿ ರಾಜ್ಯದ್ದು.

2022ರ ಜನವರಿಯ ತಿದ್ದುಪಡಿ ಪ್ರಸ್ತಾವ ಮುಚ್ಚಹೊರಟದ್ದು ಈ ಸಂದನ್ನೇ. ಗಡುವಿನೊಳಗೆ ರಾಜ್ಯ ಬಿಡದಿದ್ದರೆ ಅಧಿಕಾರಿ ತಾನಾಗಿಯೇ ಬಿಡುಗಡೆಯಾದಂತೆ ಎಂದು ಅದು ಸೂಚಿಸಿತು. ಹಲವು ರಾಜ್ಯಗಳು ವಿರೋಧಿಸಿದವು. ಕೇಂದ್ರದ ವಾದವನ್ನು ತಳ್ಳಿಹಾಕುವಂತಿಲ್ಲ. ಅದು ಕೊಟ್ಟ ಲೆಕ್ಕದಂತೆ ನಿಯೋಜನೆ ಮೀಸಲಿನಡಿ, ಅಂದರೆ ಕೇಂದ್ರದ ಸೇವೆಗೆಂದು ರಾಜ್ಯ ವೃಂದಗಳಲ್ಲಿ ತೆಗೆದಿರಿಸಿದ ಪಾಲಿನಡಿ, ಕೇಂದ್ರದಲ್ಲಿದ್ದ ಆಡಳಿತ ಸೇವೆಯ ಅಧಿಕಾರಿಗಳು 2011ರಲ್ಲಿ 309, ಆಮೇಲೆ 223. ಆದರೆ ಇದು ಸಂಖ್ಯೆಯ ಕೊರತೆ. ರಾಜ್ಯಗಳೊಡನೆ ವಾರ್ಷಿಕ ಪಾಲು ಗೊತ್ತುಮಾಡಿ, ಒಪ್ಪಿ ಮುಂದೆ ಬರುವವರಿಂದ ತುಂಬಬಹುದು. ಹೆಸರು ಹಿಡಿದು ಒಬ್ಬರನ್ನೇ ಕರೆಸುವ ಅಧಿಕಾರಕ್ಕೆ ಅದು ಸಮರ್ಥನೆಯಾಗದು.

ಇತ್ತ, ಈ ಸೇವೆಗಳನ್ನೇ ರದ್ದುಮಾಡಬೇಕೆಂದು 1971ರಲ್ಲಿ ತಮಿಳುನಾಡು ಸರ್ಕಾರ ನೇಮಿಸಿದ್ದ ರಾಜಮನ್ನಾರ್ ಸಮಿತಿ ಹೇಳಿತ್ತು. ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗದ 1988ರ ವರದಿ ಅದನ್ನು ಒಪ್ಪಲಿಲ್ಲ. ರದ್ದುಮಾಡಿದರೆ ಅಧಿಕಾರಿಗೆ ಒಬ್ಬನೇ ಒಡೆಯ ಉಳಿಯುತ್ತಾನೆ. ಮುಖ್ಯಮಂತ್ರಿಯ ಮುಂದೆ ಬೇಡವೆನ್ನುವ ಎದೆಗಾರಿಕೆಗೆ ಆಸರೆ ತಪ್ಪುತ್ತದೆ. ರಾಜ್ಯದ ಸಹಿ ಕಿತ್ತುಕೊಂಡರೂ ಆಗುವುದು ಅದೇ, ಒಡೆಯ ಮಾತ್ರ ಬೇರೆ. ಪಟೇಲರು ಬಯಸಿದ ನಿರ್ಭಯತೆಯನ್ನು ಕಾಯುತ್ತ ಬಂದಿರುವುದು ಯಾವೊಂದು ಸರ್ಕಾರದ ಸದ್ಭಾವವೂ ಅಲ್ಲ, ಎರಡರಲ್ಲಿ ಯಾವುದೂ ಒಂಟಿಯಾಗಿ ಪೂರ್ತಿ ಮಾಡಲಾಗದ ಆ ಕಾಗದ.