ತಟಸ್ಥ ರಾಜ್ಯದೊಳಗಿನ ಗುಪ್ತ ಸೇನೆಗಳು: ಲಾವೋಸ್, 1954–1977

ಚೀನಾ, ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್ ಮತ್ತು ಬರ್ಮಾಗಳ ನಡುವೆ ಸಿಕ್ಕಿಕೊಂಡ, ಸಮುದ್ರತೀರವಿಲ್ಲದ ಲಾವೋಸ್ 1953ರಲ್ಲಿ ಫ್ರಾನ್ಸಿನಿಂದ ಪೂರ್ಣ ಸ್ವಾತಂತ್ರ್ಯ ಪಡೆದಾಗ ಅದಕ್ಕೊಬ್ಬ ಅರಸನಿದ್ದ, ಸಂವಿಧಾನವಿತ್ತು, ಚುನಾಯಿತ ಸಭೆಯೂ ಇತ್ತು. ತೆರಿಗೆ ಎತ್ತಿ ಸ್ವಂತ ಸೈನ್ಯವನ್ನು ಸಾಕುವ ಶಕ್ತಿಯೊಂದು ಇರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಈ ದೇಶಕ್ಕೆ ಒದಗಿದ ದುರ್ಗತಿಯನ್ನು ವಿಯೆಟ್ನಾಂ ಯುದ್ಧದ ಅಡಿಟಿಪ್ಪಣಿಯೆಂಬಂತೆ ಓದುವುದು ರೂಢಿಯಾಗಿದೆ. ಆದರೆ ಲಾವೋಸಿನ ಚರಿತ್ರೆಯಲ್ಲಿ ಎದ್ದು ಕಾಣುವ ವೈಪರೀತ್ಯವೇ ಬೇರೆ. ಹೊರಗಿನ ಸೈನ್ಯಗಳನ್ನು ದೂರವಿಡಲೆಂದು ಎರಡು ಬಾರಿ ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದಗಳು ಹೊರಗಿನವರ ಹಸ್ತಕ್ಷೇಪವನ್ನು ನಿಲ್ಲಿಸಲಿಲ್ಲ. ಅದನ್ನು ಸಮವಸ್ತ್ರದಿಂದ ಬಿಡಿಸಿ ಖಾಸಗಿ ಪಡೆಗಳ, ಸರಕು ವಿಮಾನಗಳ ಮತ್ತು ನೆರವು ಕಚೇರಿಗಳ ವೇಷ ತೊಡಿಸಿದವು.

1954ರ ಜಿನೀವಾ ಒಪ್ಪಂದದ ಪ್ರಕಾರ, ಫ್ರೆಂಚರ ವಿರುದ್ಧ ವಿಯೆಟ್ನಾಮೀಯರೊಡನೆ ಸೇರಿ ಹೋರಾಡಿದ್ದ ಎಡಪಂಥೀಯ ಪಡೆಯಾದ ಪಾಥೆಟ್ ಲಾವೊ, ಫೋಂಗ್ ಸಾಲಿ ಮತ್ತು ಸಾಮ್ ನುವಾ ಎಂಬ ಈಶಾನ್ಯದ ಎರಡು ಪ್ರಾಂತಗಳಲ್ಲಿ ನೆಲೆ ನಿಲ್ಲಬೇಕಾಗಿತ್ತು. ಲಾವೋಸಿನ ಸೈನ್ಯಕ್ಕೆ ತರಬೇತಿ ನೀಡುವ ಅಧಿಕಾರ ಫ್ರಾನ್ಸಿಗೆ ಮಾತ್ರ ಉಳಿಯಿತು. ಎಲ್ಲವನ್ನೂ ನೋಡಿಕೊಳ್ಳಲು ಭಾರತದ ಅಧ್ಯಕ್ಷತೆಯಲ್ಲಿ, ಕೆನಡಾ ಮತ್ತು ಪೋಲೆಂಡ್‌ಗಳನ್ನೊಳಗೊಂಡ ಅಂತರರಾಷ್ಟ್ರೀಯ ನಿಯಂತ್ರಣ ಆಯೋಗ ರಚನೆಯಾಯಿತು. ಸೇನಾ ನಿಯೋಗವನ್ನು ಬಹಿರಂಗವಾಗಿ ಇರಿಸುವಂತಿಲ್ಲವಾದ್ದರಿಂದ ಅಮೆರಿಕ 1955ರ ಕೊನೆಯಲ್ಲಿ ರಾಜಧಾನಿ ವಿಯೆಂಟಿಯಾನ್‌ನ ತನ್ನ ನೆರವು ಕಚೇರಿಯೊಳಗೆ ‘ಕಾರ್ಯಕ್ರಮ ಮೌಲ್ಯಮಾಪನ ಕಚೇರಿ’ ಎಂಬ ನಿರುಪದ್ರವಿ ಹೆಸರಿನ ವಿಭಾಗವೊಂದನ್ನು ತೆರೆದು, ನಿವೃತ್ತ ಸೇನಾಧಿಕಾರಿಗಳನ್ನು ನಾಗರಿಕ ಉಡುಪಿನಲ್ಲಿ ಅಲ್ಲಿ ಕೂರಿಸಿತು. ಇಪ್ಪತ್ತೈದು ಸಾವಿರದಷ್ಟಿದ್ದ ರಾಜ ಸೈನ್ಯದ ಸಂಬಳವನ್ನು ಇಡಿಯಾಗಿ ಭರಿಸುತ್ತಿದ್ದುದೂ ಅಮೆರಿಕವೇ.

ಈ ಸಂಬಳದ ಹಣ ಹರಿದುಬಂದ ಬಗೆ ತುಸು ವಿವರಕ್ಕೆ ಅರ್ಹವಾಗಿದೆ. ಅಮೆರಿಕ ಕೊಟ್ಟ ಡಾಲರುಗಳನ್ನು ಸರ್ಕಾರ ಆಮದು ವ್ಯಾಪಾರಿಗಳಿಗೆ ಮಾರಿ, ಬಂದ ಸ್ಥಳೀಯ ನಾಣ್ಯವಾದ ಕಿಪ್‌ಗಳಿಂದ ಸೈನಿಕರಿಗೆ ಸಂಬಳ ಕೊಡುತ್ತಿತ್ತು. ಅಧಿಕೃತ ದರ ಡಾಲರಿಗೆ 35 ಕಿಪ್, ಪೇಟೆಯ ದರ ನೂರರ ಆಸುಪಾಸು. ಹಾಗಾಗಿ ಆಮದು ಪರವಾನಗಿ ಗಿಟ್ಟಿಸಿಕೊಂಡವನು ಸರಕನ್ನು ತರಿಸಲಿ ಬಿಡಲಿ, ಅಗ್ಗದ ಡಾಲರನ್ನು ಕೈ ಬದಲಾಯಿಸಿಯೇ ಬಂಡವಾಳವನ್ನು ಎರಡು ಮೂರು ಪಟ್ಟು ಮಾಡಿಕೊಳ್ಳಬಹುದಾಗಿತ್ತು. ಪರವಾನಗಿ ಹಂಚುವವರು ಕೆಲವೇ ಮನೆತನಗಳವರು. ಹಳ್ಳಿಗೆ ತಲುಪಿದ್ದು ಅತ್ಯಲ್ಪ. ಅಮೆರಿಕದ ಸಂಸದೀಯ ಸಮಿತಿಯೊಂದೇ 1959ರಲ್ಲಿ ಈ ಅವ್ಯವಹಾರವನ್ನು ಬಯಲಿಗೆಳೆಯಿತು. ಅಷ್ಟರಲ್ಲಿ ಅದರ ರಾಜಕೀಯ ಫಲ ಕೈಗೆ ಬಂದಾಗಿತ್ತು. ಎಡ, ಬಲ, ತಟಸ್ಥ ಎಂಬ ಮೂರೂ ಬಣಗಳನ್ನು ಕೂಡಿಸಲು ಶ್ರಮಿಸುತ್ತಿದ್ದ ತಟಸ್ಥವಾದಿ ಪ್ರಧಾನಿ, ರಾಜಕುಮಾರ ಸುವನ್ನ ಫೂಮಾ, ಪಾಥೆಟ್ ಲಾವೊದ ಮುಂದಾಳಾಗಿದ್ದ ತನ್ನ ಮಲತಮ್ಮ ಸುಫಾನುವೋಂಗ್‌ನೊಡನೆ 1957ರಲ್ಲಿ ಒಪ್ಪಂದಕ್ಕೆ ಬಂದಿದ್ದ; 1958ರ ಮೇ ತಿಂಗಳ ಪೂರಕ ಚುನಾವಣೆಯಲ್ಲಿ 21 ಸ್ಥಾನಗಳ ಪೈಕಿ 13 ಎಡಪಕ್ಷಕ್ಕೂ ಅದರ ಮಿತ್ರರಿಗೂ ದಕ್ಕಿದವು. ಅಮೆರಿಕ ಕೂಡಲೇ ನೆರವು ತಡೆಹಿಡಿಯಿತು, ಜುಲೈನಲ್ಲಿ ಸುವನ್ನ ಫೂಮಾನ ಸರ್ಕಾರ ಉರುಳಿತು. ವಿಚಿತ್ರವೆಂದರೆ, ಅದೇ ತಿಂಗಳು ನಿಯಂತ್ರಣ ಆಯೋಗ ತನ್ನ ಕೆಲಸ ಮುಗಿಯಿತೆಂದು ಅನಿರ್ದಿಷ್ಟ ಕಾಲದವರೆಗೆ ಬಾಗಿಲು ಮುಚ್ಚಿತು.

1960ರ ಆಗಸ್ಟ್‌ನಲ್ಲಿ ಕಾಂಗ್ ಲೆ ಎಂಬ ಪ್ಯಾರಾಟ್ರೂಪ್ ಕ್ಯಾಪ್ಟನ್, ಅಣ್ಣತಮ್ಮಂದಿರ ಕಾದಾಟ ಸಾಕು ಎಂದು ಸಾರಿ ರಾಜಧಾನಿಯನ್ನು ವಶಪಡಿಸಿಕೊಂಡ ಮೇಲೆ ಘಟನೆಗಳು ದಡಬಡನೆ ಉರುಳಿದವು. ಅವನಿಗೆದುರಾಗಿ ನಿಂತ ಬಲಪಂಥೀಯ ಸೇನಾನಿ ಫೂಮಿ ನೊಸವನ್ ಥಾಯ್ ಸರ್ವಾಧಿಕಾರಿ ಸರಿತ್‌ನ ನಂಟನೂ ಅಮೆರಿಕದ ಆಪ್ತನೂ ಆಗಿದ್ದ. ಥಾಯ್ಲೆಂಡ್ ವಿಯೆಂಟಿಯಾನ್‌ಗೆ ಹೋಗುವ ಸರಕನ್ನು ತಡೆಯಿತು, ಸೋವಿಯೆತ್ ಒಕ್ಕೂಟ ವಿಮಾನಗಳಲ್ಲಿ ಕಾಂಗ್ ಲೆಗೆ ಇಂಧನವನ್ನೂ ಆಯುಧಗಳನ್ನೂ ಒದಗಿಸಿತು. ಡಿಸೆಂಬರ್‌ನಲ್ಲಿ ಫೂಮಿ ರಾಜಧಾನಿಯನ್ನು ಗೆದ್ದ, ಕಾಂಗ್ ಲೆ ಉತ್ತರಕ್ಕೆ ಸರಿದು, ಪ್ರಾಚೀನ ಕಲ್ಲಿನ ಹರವಿಗಳು ಹರಡಿರುವ ‘ಜಾಡಿಗಳ ಬಯಲಿ’ನಲ್ಲಿ ಪಾಥೆಟ್ ಲಾವೊದ ಜೊತೆಗೂಡಿದ.

ಆ ಬಯಲಿನ ಸುತ್ತಲ ಬೆಟ್ಟಗಳಲ್ಲಿ ಹ್ಮಾಂಗ್ ಜನರಿದ್ದರು. ಕಾಡು ಕಡಿದು ಸುಟ್ಟು ಬೆಟ್ಟಭತ್ತ, ಮೆಕ್ಕೆಜೋಳ, ಅಫೀಮು ಬೆಳೆಯುತ್ತಿದ್ದ ಈ ಜನ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಚೀನಾದಿಂದ ವಲಸೆ ಬಂದವರು. ವಿಯೆಟ್ನಾಂ ಗಡಿಯ ನಾಂಗ್ ಹೆಟ್ ಎಂಬಲ್ಲಿ ಇವರ ಎರಡು ಪ್ರಬಲ ಕುಲಗಳಾದ ಲೊ ಮತ್ತು ಲೀಗಳ ನಡುವೆ ಹೆಣ್ಣು ಕೊಟ್ಟು ತಂದ ನಂಟೂ ಇತ್ತು, ಆ ನಂಟು ಕೆಟ್ಟು ಹುಟ್ಟಿದ ಹಗೆಯೂ ಇತ್ತು. ಫ್ರೆಂಚರು ಅಲ್ಲಿಯ ಮುಖ್ಯಸ್ಥನ ಹುದ್ದೆಯನ್ನು ಲೊ ಮನೆತನದಿಂದ ತೆಗೆದು ಲೀ ಮನೆತನಕ್ಕೆ ಕೊಟ್ಟರು. ಲೊ ಮನೆತನದ ಫಾಯ್‌ದಾಂಗ್ ಅದನ್ನು ಮರಳಿ ಕೇಳಿದಾಗ ಓದುಬರಹ ಬಲ್ಲವನೆಂದು ಟೂಬಿ ಲೀಫಾಂಗ್ ಆಯ್ಕೆಯಾದ. ಟೂಬಿ ಫ್ರೆಂಚರ ಪಕ್ಷ ವಹಿಸಿದ, ಫಾಯ್‌ದಾಂಗ್ ವಿಯೆಟ್ನಾಮೀ ಕ್ರಾಂತಿಕಾರಿಗಳ ಕಡೆ ನಡೆದ. ಮಹಾಶಕ್ತಿಗಳ ಸೆಣಸಾಟ ಬೆಟ್ಟವನ್ನೇರುವ ಮೊದಲೇ ಅದಕ್ಕೆ ಬೇಕಾದ ಬಿರುಕು ಅಲ್ಲಿ ಸಿದ್ಧವಾಗಿತ್ತು ಎಂಬುದನ್ನು ಮರೆತು, ಹ್ಮಾಂಗರನ್ನು ಕೇವಲ ಬಾಡಿಗೆ ಬಂಟರೆಂದು ಕರೆಯುವವರು ಅವರ ಲೆಕ್ಕಾಚಾರಗಳಿಗೆ ಅನ್ಯಾಯ ಮಾಡುತ್ತಾರೆ.

1961ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಬಿಲ್ ಲೇರ್, ರಾಜ ಸೈನ್ಯದಲ್ಲಿದ್ದ ಹ್ಮಾಂಗ್ ಅಧಿಕಾರಿ ವಾಂಗ್ ಪಾವ್‌ನನ್ನು ಕಂಡು ಬಂದೂಕುಗಳ ಮಾತು ಕೊಟ್ಟ. ತರಬೇತಿಗೆ ಥಾಯ್ಲೆಂಡಿನ ಪೊಲೀಸ್ ಪ್ಯಾರಾಟ್ರೂಪರುಗಳು ಬಂದರು. ಕೆಲವೇ ತಿಂಗಳಲ್ಲಿ ಸಾವಿರಾರು ಯುವಕರು ಸೇರಿದರು, ದಶಕದ ಕೊನೆಯ ಹೊತ್ತಿಗೆ ಪಡೆ ಮೂವತ್ತು ಸಾವಿರದ ಹತ್ತಿರ ಬಂದಿತ್ತು. ಯುದ್ಧ ಹಬ್ಬಿದಂತೆ ಊರುಗಳು ಗುಳೆ ಹೊರಟವು, ಗುಳೆ ಹೊರಟವರಿಗೆ ಬಿತ್ತನೆಯ ಹೊಲವಿಲ್ಲ, ಹೀಗಾಗಿ ಅನ್ನವೂ ಆಕಾಶದಿಂದಲೇ ಬೀಳಬೇಕಾಯಿತು. ಸಿಐಎಯ ಒಡೆತನದ್ದಾಗಿದ್ದರೂ ಹೊರನೋಟಕ್ಕೆ ಖಾಸಗಿ ಕಂಪನಿಯಾಗಿದ್ದ ಏರ್ ಅಮೆರಿಕದ ವಿಮಾನಗಳು ಬೆಟ್ಟದ ನೆತ್ತಿಯ ಮೇಲೆ ತಗ್ಗಿ ಹಾರುತ್ತ ಅಕ್ಕಿಯ ಚೀಲಗಳನ್ನು ತಳ್ಳುತ್ತಿದ್ದವು. ಬಿದ್ದ ರಭಸಕ್ಕೆ ಒಳಚೀಲ ಹರಿದರೂ ಅಕ್ಕಿ ಚೆಲ್ಲದಿರಲೆಂದು ಅದನ್ನು ಸಡಿಲವಾದ ಇನ್ನೊಂದು ದೊಡ್ಡ ಚೀಲದೊಳಗೆ ಇಟ್ಟಿರುತ್ತಿದ್ದರು. ಕಾಗದದ ಮೇಲೆ ವಾಂಗ್ ಪಾವ್ ಅರಸನ ಸೇನಾನಿ, ಎರಡನೆಯ ಸೇನಾ ವಲಯದ ದಳಪತಿ. ಆದರೆ ಪಡೆಯ ಸಂಬಳ, ಮದ್ದುಗುಂಡು, ಅಕ್ಕಿ, ವಿಮಾನ ಯಾವುದೂ ವಿಯೆಂಟಿಯಾನ್‌ನ ಖಜಾನೆಯಿಂದ ಬರುತ್ತಿರಲಿಲ್ಲವಾದ್ದರಿಂದ, ಅವನಿಗೆ ಆಜ್ಞೆ ಕೊಡುವ ಶಕ್ತಿಯೂ ಆ ಸರ್ಕಾರಕ್ಕೆ ಉಳಿಯಲಿಲ್ಲ.

1961ರ ಮೇ ತಿಂಗಳಿನಿಂದ ಜಿನೀವಾದಲ್ಲಿ ಮತ್ತೆ ಸಮ್ಮೇಳನ ನಡೆಯಿತು. ಭಾರತದ ಪರವಾಗಿ ಕೃಷ್ಣ ಮೆನನ್ ಪಾಲ್ಗೊಂಡರು. 1962ರ ಜುಲೈ 23ರಂದು 14 ರಾಷ್ಟ್ರಗಳು ಲಾವೋಸಿನ ತಟಸ್ಥತೆಗೆ ಸಹಿ ಹಾಕಿದವು, ಈ ಬಾರಿ ವಿದೇಶಿ ಸೈನ್ಯಗಳನ್ನಷ್ಟೇ ಅಲ್ಲದೆ ಅರೆಸೈನಿಕ ಪಡೆಗಳನ್ನೂ ಹೆಸರಿಸಿ ನಿಷೇಧಿಸಲಾಯಿತು. ಅಕ್ಟೋಬರ್ 7ರ ಗಡುವಿನೊಳಗೆ, ಮತ್ತೆ ಕೆಲಸಕ್ಕಿಳಿದಿದ್ದ ನಿಯಂತ್ರಣ ಆಯೋಗದ ತಪಾಸಣಾ ಠಾಣೆಗಳನ್ನು ದಾಟಿ ಹೊರಹೋದ ಅಮೆರಿಕನರು 666 ಮಂದಿ. ಉತ್ತರ ವಿಯೆಟ್ನಾಮೀಯರು ಕೇವಲ 40. ಸಾವಿರಾರು ವಿಯೆಟ್ನಾಮೀ ಸೈನಿಕರು ಪೂರ್ವದ ಕಾಡುಗಳಲ್ಲೇ ಉಳಿದಿದ್ದರೆಂಬುದು ಎಲ್ಲರಿಗೂ ತಿಳಿದಿತ್ತು, ಏಕೆಂದರೆ ದಕ್ಷಿಣ ವಿಯೆಟ್ನಾಂಗೆ ಆಳು ಮತ್ತು ಆಯುಧ ಸಾಗಿಸುವ ಹೊ ಚಿ ಮಿನ್ ಮಾರ್ಗ ಅಲ್ಲಿಂದಲೇ ಹಾದುಹೋಗುತ್ತಿತ್ತು. ಪಾಥೆಟ್ ಲಾವೊದ ಪ್ರದೇಶದೊಳಗೆ ಮುಕ್ತವಾಗಿ ಓಡಾಡಲಾಗದ ಆಯೋಗ ಇದನ್ನು ಸಾಬೀತುಪಡಿಸುವಂತಿರಲಿಲ್ಲ. ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್ ತನ್ನ ಸೈನ್ಯ ಅಲ್ಲಿಲ್ಲವೆಂದು ನಿರಾಕರಿಸುತ್ತಲೇ ಹೋಯಿತು. ಅಮೆರಿಕ ತನ್ನ ಅಧಿಕಾರಿಗಳನ್ನು ಮೆಕಾಂಗ್ ನದಿಯ ಆಚೆಗಿನ ಥಾಯ್ಲೆಂಡಿನ ಉದೋನ್ ನೆಲೆಗೆ ಸರಿಸಿ, ಹ್ಮಾಂಗ್ ಪಡೆಯನ್ನು ಅಲ್ಲಿಂದ ನಡೆಸತೊಡಗಿತು. ಒಪ್ಪಂದವನ್ನು ಮೊದಲು ಮುರಿದವರಾರೆಂಬ ವಾದಕ್ಕಿಂತ, ಇಬ್ಬರಿಗೂ ಅದನ್ನು ಬಹಿರಂಗವಾಗಿ ತ್ಯಜಿಸುವ ಇಚ್ಛೆ ಇರಲಿಲ್ಲವೆಂಬುದೇ ಹೆಚ್ಚು ಮುಖ್ಯವಾದ ಸಂಗತಿ. ತಟಸ್ಥತೆಯ ಮುಖವಾಡ ಕಳಚಬಾರದೆಂದರೆ ಸಾಯುವವರು ಸ್ಥಳೀಯರೇ ಆಗಿರಬೇಕಿತ್ತು.

ನಿಜವಾಗಿ ತಟಸ್ಥರಾಗಿದ್ದವರು ಮೊದಲು ಅಳಿದರು. 1963ರ ಏಪ್ರಿಲ್ 1ರಂದು ವಿದೇಶಾಂಗ ಸಚಿವ ಕ್ವಿನಿಮ್ ಫೋಲ್ಸೇನಾ ಗುಂಡಿಗೆ ಬಲಿಯಾದ. ಕಾಂಗ್ ಲೆಯ ಪಡೆ ಒಡೆದು ಒಂದು ಭಾಗ ಎಡಕ್ಕೆ, ಇನ್ನೊಂದು ಬಲಕ್ಕೆ ಹಂಚಿಹೋಯಿತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ ಸುಮಾರು 20 ಲಕ್ಷ ಟನ್ ಬಾಂಬು ಸುರಿದವು. ವಾಂಗ್ ಪಾವ್‌ನ ನೆಲೆಯಾದ ಲಾಂಗ್ ಚೆಂಗ್ ಕಣಿವೆ ವಿಮಾನಗಳಿಂದ ಗಿಜಿಗುಟ್ಟುವ ಪಟ್ಟಣವಾಯಿತು, ಆದರೆ ಅದರ ಹೆಸರು ನಕಾಶೆಗಳಲ್ಲಿ ಇರಲಿಲ್ಲ. ವಯಸ್ಕರು ಸತ್ತು ಮುಗಿದಂತೆ ಹದಿಹರೆಯದ ಹುಡುಗರಿಗೆ ಬಂದೂಕು ಬಂತು, ಅವರೂ ಸಾಲದಾದಾಗ 1970ರ ಬಳಿಕ ಥಾಯ್ ‘ಸ್ವಯಂಸೇವಕ’ ದಳಗಳನ್ನು ಸಂಬಳ ಕೊಟ್ಟು ತರಿಸಲಾಯಿತು.

1973ರ ಫೆಬ್ರವರಿಯಲ್ಲಿ ಕದನವಿರಾಮವಾಯಿತು, ಅಕ್ಕಿ ಮತ್ತು ಸಂಬಳದ ಮೂಲ ಬತ್ತುತ್ತ ಬಂದಿತು. 1975ರ ಮೇ 14ರಂದು ವಾಂಗ್ ಪಾವ್ ವಿಮಾನವೇರಿ ಹೊರಟ. ಅವನೊಡನೆ ಸಾಗಿಸಲಾದವರು ಕೆಲವೇ ಸಾವಿರ ಮಂದಿ, ಉಳಿದವರು ಕಾಡಿನ ಹಾದಿ ಹಿಡಿದು ಮೆಕಾಂಗ್ ದಾಟಿ ಥಾಯ್ಲೆಂಡಿನ ನಿರಾಶ್ರಿತ ಶಿಬಿರಗಳನ್ನು ಸೇರಬೇಕಾಯಿತು. ಡಿಸೆಂಬರ್ 2ರಂದು ಅರಸೊತ್ತಿಗೆ ರದ್ದಾಯಿತು. ಟೂಬಿ ‘ಮರುಶಿಕ್ಷಣ’ ಶಿಬಿರದಲ್ಲಿ ಸತ್ತ, ಫಾಯ್‌ದಾಂಗ್ ಹೊಸ ರಾಷ್ಟ್ರದ ಜನಸಭೆಯಲ್ಲಿ ಉನ್ನತ ಸ್ಥಾನ ಪಡೆದ. ಸುಮಾರು ಒಂದೂವರೆ ವರ್ಷದ ನಂತರ, 1977ರ ಜುಲೈನಲ್ಲಿ, ಲಾವೋಸ್ ವಿಯೆಟ್ನಾಂನೊಡನೆ 25 ವರ್ಷಗಳ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಇಲ್ಲವೆಂದು ಹನೋಯ್ ಅಷ್ಟು ಕಾಲ ಹೇಳಿಕೊಂಡು ಬಂದಿದ್ದ ಸೈನ್ಯ, ಆ ನಂತರ ಸುಮಾರು ಹತ್ತು ವರ್ಷ ಲಾವೋಸಿನಲ್ಲಿ ಒಪ್ಪಂದದ ಬಲದಿಂದ ಬಹಿರಂಗವಾಗಿಯೇ ನೆಲೆಸಿತ್ತು.